ಗುರುತು ಸಿಗದ ದೋಣಿಯ ಅಲೆ

ನವೆಂಬರ್ ಹದಿನಾರು, ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಸರೋವರದ ಪೂರ್ವ ದಂಡೆಯ ಮರದ ಕಟ್ಟೆ. ಖಾಸಗಿ ದೋಣಿ ಒಂದು, ಮಾಲೀಕ ಒಬ್ಬ, ಅತಿಥಿ ಒಬ್ಬರು. ದೋಣಿಯಿಂದ ಇಳಿಯುವಾಗ ಬಿದ್ದು ಅತಿಥಿಯ ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ.

ಮಾನ್ಯರೇ,

ಮೇಲಿನ ಸಾಲುಗಳು ತಮ್ಮ ದೋಣಿ ನೋಂದಣಿ ಕಚೇರಿಯ ಘಟನಾ ವರದಿಯಿಂದ ತೆಗೆದವು. ಆ ವರದಿಯಲ್ಲಿ ನಿಜವಾಗಿರುವುದು ಇಷ್ಟೇ. ಇದರ ಕೆಳಗೆ, ತಮ್ಮ ಸಹಿಗಿಂತ ಎರಡು ಬೆರಳು ಮೇಲೆ, ಇನ್ನೊಂದು ಸಾಲಿದೆ: 'ಕಾರಣ: ಗುರುತು ಸಿಗದ ದೋಣಿಯ ಅಲೆ.' ಈ ಒಂದು ಸಾಲಿನಿಂದಾಗಿ ನನ್ನ ಅಕ್ಕನ ಕೈಗೆ ಆಗಬೇಕಾದ ಎರಡನೇ ಆಪರೇಷನ್ ನಿಂತುಹೋಗಿದೆ. ಮೂರು ತಿಂಗಳೊಳಗೆ ಆಗದಿದ್ದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳುತ್ತದೆ, ಆಮೇಲೆ ಕತ್ತರಿ ಹಿಡಿಯುವುದನ್ನು ಮರೆತುಬಿಡಿ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಅಕ್ಕ ದರ್ಜಿ. ಪರದೆ, ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮೂರು ತಿಂಗಳಲ್ಲಿ ಇನ್ನು ಉಳಿದಿರುವುದು ಹದಿನೇಳು ದಿನ.

ವಿಮೆ ಇರಲಿಲ್ಲವೇ ಎಂದು ಪತ್ರಿಕೆಯ ಓದುಗರು ಕೇಳಬಹುದು. ತಾವು ಕೇಳುವುದಿಲ್ಲ, ಏಕೆಂದರೆ ತಮಗೆ ಗೊತ್ತಿದೆ. ಖಾಸಗಿ ದೋಣಿಯಲ್ಲಿ ಅತಿಥಿಗಳನ್ನು ಕೂರಿಸಿಕೊಳ್ಳುವವರು ಅತಿಥಿ ಹೊಣೆ ವಿಮೆ ಮಾಡಿಸತಕ್ಕದ್ದು ಎಂಬ ನಿಯಮ ತಮ್ಮ ಕಚೇರಿಯದೇ. ನಮ್ಮ ದಂಡೆಯಲ್ಲಿರುವ ಹತ್ತೊಂಬತ್ತು ದೋಣಿಗಳಲ್ಲಿ ಅದನ್ನು ಪಾಲಿಸಿದ್ದು ಒಂದೇ ದೋಣಿ, ನನ್ನದು. ಮಾಲೀಕನ ಅಲಕ್ಷ್ಯದಿಂದ ಅತಿಥಿಗೆ ಪೆಟ್ಟಾದರೆ ಆ ವಿಮೆ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ. ಒಂದೇ ಮನೆಯಲ್ಲಿ ವಾಸಿಸುವ ಸಂಬಂಧಿಕರು ಅತಿಥಿಗಳಲ್ಲ. ಅಕ್ಕ ಎರಡು ಬೀದಿ ಆಚೆ ಇರುವುದರಿಂದ ಅತಿಥಿ. ಎಲ್ಲವೂ ಸರಿಯಾಗಿತ್ತು. ಆದರೆ ಮಾಲೀಕನ ತಪ್ಪಿಲ್ಲದೆ ಬೇರೆ ದೋಣಿಯ ಅಲೆಯಿಂದ ಪೆಟ್ಟಾದರೆ ಆ ಬೇರೆ ದೋಣಿಯವರನ್ನು ಕೇಳಬೇಕು. ಆ ದೋಣಿಗೆ ಗುರುತೇ ಸಿಗದಿದ್ದರೆ? ವಿಮಾ ಕಂಪನಿಯವರು ಇದಕ್ಕೆ ಮೂರು ಸಾಲಿನ ಪತ್ರದಲ್ಲಿ ಉತ್ತರ ಬರೆದಿದ್ದಾರೆ. ಮೂರನೆಯ ಸಾಲು, 'ತಮ್ಮ ಅತಿಥಿ ಬೇಗ ಗುಣಮುಖರಾಗಲೆಂದು ಹಾರೈಸುತ್ತೇವೆ.'

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಗ್ರಂಥಾಲಯಗಳಿಂದ ಹರಿದು ಬಂದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ಬೆನ್ನು ಹಾಕಿ ಕಳಿಸುವುದು ನನ್ನ ಕೆಲಸ. ಕಳಿಸುವ ಮೊದಲು ಓದುತ್ತೇನೆ. ಹೆಚ್ಚಾಗಿ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು. ಆ ಕಾದಂಬರಿಗಳಲ್ಲಿ ಜನ ಅಧಿಕಾರಿಗಳಿಗೆ ಪತ್ರ ಬರೆಯುತ್ತಾರೆ, ಅಧಿಕಾರಿಗಳು ಉತ್ತರಿಸುವುದಿಲ್ಲ, ಪುಸ್ತಕ ಮುಗಿಯುತ್ತದೆ. ಓದುವುದಕ್ಕೆ ಅದು ಚೆನ್ನಾಗಿರುತ್ತದೆ. ಅಕ್ಕನ ಕೈಗೆ ಚೆನ್ನಾಗಿರುವುದಿಲ್ಲ. ಆದ್ದರಿಂದ ತಮಗೆ ಈ ಮೊದಲು ಕಳಿಸಿದ ನಾಲ್ಕು ಪತ್ರಗಳನ್ನು ಮರೆತು ಐದನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ದೋಣಿ ಕೊಂಡ ದಿನವೇ ಅದಕ್ಕೆಂದು ಒಂದು ಪುಸ್ತಕ ಕಟ್ಟಿದೆ. ನೂರಿಪ್ಪತ್ತು ಹಾಳೆ, ನೀಲಿ ಬಟ್ಟೆಯ ಹೊದಿಕೆ, ನೀರು ಬಿದ್ದರೂ ಅಂಟು ಬಿಡದ ಬೆನ್ನು. ಬಂದ ಅತಿಥಿಯ ವಿವರ, ಹತ್ತಿದ ಹೊತ್ತು, ಲೈಫ್ ಜಾಕೆಟ್ಟಿನ ಸಂಖ್ಯೆ, ಗಾಳಿ ಎತ್ತಣಿಂದ, ನೀರು ಹೇಗಿತ್ತು, ಇಳಿದ ಹೊತ್ತು, ಸಹಿ. ತಮ್ಮ ನಿಯಮ ಇದನ್ನು ಕೇಳುವುದಿಲ್ಲ. ನಾನೇ ಕೇಳಿಕೊಂಡೆ. ಇನ್ನೊಬ್ಬರ ಜೀವವನ್ನು ನೀರಿನ ಮೇಲೆ ಕೂರಿಸುವವನು ಇಷ್ಟಾದರೂ ಬರೆದಿಡಬೇಡವೇ ಎಂಬುದು ನನ್ನ ವಾದವಾಗಿತ್ತು. ನನ್ನ ಹೆಂಡತಿಯ ವಾದ ಬೇರೆ.

"ನಿಮ್ಮ ದೋಣಿ ಹತ್ತೋದು ಅಂದ್ರೆ ಆಸ್ಪತ್ರೆಗೆ ಸೇರಿಕೊಂಡ ಹಾಗೆ" ಎಂದು ಅವಳು ಮೊದಲ ವರ್ಷವೇ ಹೇಳಿದಳು. "ಒಂದು ಸುತ್ತು ಹಾಕ್ಕೊಂಡು ಬರೋಕೆ ಇಷ್ಟೊಂದು ಸಹೀನಾ? ಮದುವೆ ದಿನಾನೂ ನಾನು ಇಷ್ಟು ಸಹಿ ಹಾಕಿಲ್ಲಪ್ಪ."

ಏಳು ವರ್ಷಗಳಲ್ಲಿ ಆ ಪುಸ್ತಕದ ಹದಿಮೂರು ಪುಟ ತುಂಬಿದೆ. ಅದರಲ್ಲಿ ಆರು ಪುಟ ಅಕ್ಕನದೇ.

ಈಗ ಪಕ್ಕದ ಕಟ್ಟೆಯ ವಿಚಾರ. ಅಲ್ಲಿ ಹಲ್ಲಿನ ಡಾಕ್ಟರೊಬ್ಬರ ದೋಣಿ ಇದೆ. ನನ್ನದಕ್ಕಿಂತ ಎರಡು ಪಟ್ಟು ಉದ್ದ, ಹಳದಿ ಬಣ್ಣ, ಮೇಲೆ ಬಿಳಿ ಮೇಲ್ಕಟ್ಟು. ವಿಮೆ ಇಲ್ಲ, ಪುಸ್ತಕ ಇಲ್ಲ, ಇರುವ ನಾಲ್ಕು ಲೈಫ್ ಜಾಕೆಟ್‌ಗಳ ಮೇಲೆ ಅತಿಥಿಗಳು ದಿಂಬಿನ ಹಾಗೆ ಒರಗಿಕೊಳ್ಳುತ್ತಾರೆ. ಪ್ರತಿ ಭಾನುವಾರ ಆ ಕಟ್ಟೆಯಲ್ಲಿ ಜನ. ಡಾಕ್ಟರಲ್ಲಿ ಹಲ್ಲು ಕೀಳಿಸಿಕೊಂಡವರು, ಕೀಳಿಸಿಕೊಳ್ಳಬೇಕಾದವರು, ಅವರ ನಾದಿನಿಯರು, ಭಾವಂದಿರು. ಯಾರೋ ಫ್ಲಾಸ್ಕಿನಲ್ಲಿ ಟೀ ತರುತ್ತಾರೆ, ಇನ್ಯಾರೋ ಹಾಡುತ್ತಾರೆ. ಅಪಸ್ವರ ನೀರಿನ ಮೇಲೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಾನು ಏಳು ವರ್ಷ ಕೇಳಿ ತಿಳಿದಿದ್ದೇನೆ. ನನ್ನ ಕಟ್ಟೆಯಲ್ಲಿ ಹತ್ತು ಜಾಕೆಟ್‌ಗಳು ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿರುತ್ತವೆ.

ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ. ಬೇರೆ ಪದ ಹುಡುಕುವ ಶ್ರಮ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೆ ಎಣ್ಣೆ ಹೊಯ್ದವರು ಯಾರು ಎಂದು ಕೇಳುವ ಹಕ್ಕು ನನಗಿದೆ. ಪ್ರತಿ ವರ್ಷ ತಮ್ಮ ಕಚೇರಿಯವರು ತಪಾಸಣೆಗೆ ಬರುತ್ತಾರೆ. ನನ್ನ ದೋಣಿಯ ಬೆಂಕಿ ಆರಿಸುವ ಡಬ್ಬಿಯ ತಾರೀಖು ನೋಡುತ್ತಾರೆ, ಹಗ್ಗವನ್ನು ಎಳೆದು ನೋಡುತ್ತಾರೆ, ವಿಮೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಪಕ್ಕದ ಕಟ್ಟೆಗೆ ಹೋಗಿ ಟೀ ಕುಡಿಯುತ್ತಾರೆ. ಕಾಗದ ಇದ್ದವನನ್ನೇ ಕಾಗದ ಕೇಳುವುದು ಸುಲಭ, ಒಪ್ಪುತ್ತೇನೆ. ಇಲ್ಲದವನನ್ನು ಕೇಳಿದರೆ ಇಬ್ಬರಿಗೂ ಮುಜುಗರ. ಆದರೆ ಏಳು ವರ್ಷ ಹೀಗೇ ನಡೆದರೆ ನಿಯಮ ಪಾಲಿಸಿದವನಿಗೆ ತಾನೊಬ್ಬ ಪೆದ್ದ ಎಂದು ಅನ್ನಿಸದೆ ಇರುತ್ತದೆಯೇ? ಅದಕ್ಕಿಂತ ಕೆಟ್ಟದ್ದೂ ಅನ್ನಿಸುತ್ತದೆ. ಒಂದು ದಿನ ಆ ಹಳದಿ ದೋಣಿಯಲ್ಲಿ ಯಾರಿಗಾದರೂ ಏನಾದರೂ ಆಗಲಿ ಎಂದು ಅನ್ನಿಸುತ್ತದೆ. ದೊಡ್ಡದೇನೂ ಅಲ್ಲ. ಒಂದು ಉಳುಕು, ಒಂದು ತರಚು ಗಾಯ, ಎಲ್ಲರೂ ಒಮ್ಮೆ ನನ್ನ ಕಟ್ಟೆಯ ಕಡೆ ತಿರುಗಿ ನೋಡುವಷ್ಟು.

ಆಯಿತು. ನನ್ನ ಕಟ್ಟೆಯಲ್ಲೇ ಆಯಿತು.

ಆಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋದದ್ದು ಹಲ್ಲಿನ ಡಾಕ್ಟರ ಕಾರಿನಲ್ಲಿ. ಕೂಗು ಕೇಳಿದ ತಕ್ಷಣ ಅವರು ದೋಣಿ ದಡಕ್ಕೆ ತಂದು, ಬೂಟಿನ ಸಮೇತ ಮೊಣಕಾಲು ನೀರಲ್ಲಿ ಓಡಿ ಬಂದರು. ನಾನು ಕೈ ಮುಟ್ಟಲು ಹೆದರಿ ನಿಂತಿದ್ದೆ. ಅವರು ನನ್ನ ಪುಸ್ತಕದ ಜೊತೆಗಿದ್ದ ಮರದ ಅಡಿಕೋಲನ್ನು ಕೇಳಿ ಪಡೆದು, ಅಕ್ಕನ ಕೈಗೆ ಆನಿಸಿ ಕಟ್ಟಿ, "ಅಮ್ಮಾ, ಹಲ್ಲು ಬಿಟ್ಟು ಬೇರೇನೂ ನನಗೆ ಬರಲ್ಲ. ಆದ್ರೂ ಇದು ಮುರಿದಿರೋದಂತೂ ಖಾತ್ರಿ" ಎಂದರು. ಆ ನೋವಿನಲ್ಲೂ ಅಕ್ಕ ನಕ್ಕಳು. ನನ್ನ ದೋಣಿಯಲ್ಲಿ ಅವಳು ನಕ್ಕದ್ದು ನನಗೆ ನೆನಪಿಲ್ಲ. ಹೊಟ್ಟೆಕಿಚ್ಚು ಪಡುವವನಿಗೆ ಎದುರಿನವನು ಒಳ್ಳೆಯವನಾಗಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮರುದಿನ ತಮ್ಮ ಕಚೇರಿಗೆ ಬಂದು ಘಟನಾ ವರದಿಯ ಫಾರಂ ತುಂಬಿದೆ. ಮೊದಲನೇ ಮಹಡಿ, ಉದ್ದನೆಯ ಬೆಂಚು, ತಮ್ಮ ಕೋಣೆಯ ಮುಂದೆ ಅರ್ಧ ಗಾಜಿನ ಬಾಗಿಲು. ಕಾರಣ ಎಂಬ ಕಡೆ ಬಂದಾಗ ನಾನು ಬರೆದೆ: ಬೇರೊಂದು ದೋಣಿಯ ಅಲೆ. ಕೌಂಟರಿನಲ್ಲಿದ್ದ ಮೇಡಂ ಓದಿ ನೋಡಿ ಪೆನ್ನು ಕೆಳಗಿಟ್ಟರು.

"ಯಾವ ದೋಣಿ ಸಾರ್?"

"ಗಮನಿಸಲಿಲ್ಲ."

"ನೀವು ಗಮನಿಸಲಿಲ್ವಾ?" ಅವರಿಗೆ ನನ್ನ ಪರಿಚಯ ಏಳು ವರ್ಷದ್ದು. ನನ್ನ ಅರ್ಜಿಯಲ್ಲಿ ಅವರ ಕಚೇರಿಯ ತಪ್ಪುಗಳನ್ನು ತಿದ್ದಿ ವಾಪಸು ಕೊಡುತ್ತಿದ್ದವನು ನಾನು. "ಬಣ್ಣ ಗಿಣ್ಣ?"

"ಇಲ್ಲ."

ಮೇಡಂ ನನ್ನ ಮುಖ ನೋಡಿದರು, ಗಾಜಿನ ಬಾಗಿಲ ಕಡೆ ನೋಡಿದರು, ಒಳಗೆ ಹೋದರು. ಇಂಥ ವರದಿಯಾದರೆ ತಮ್ಮ ಕಚೇರಿ ಸ್ಥಳಕ್ಕೆ ಬಂದು ವಿಚಾರಣೆ ಮಾಡಬೇಕು, ಆ ಹೊತ್ತಿಗೆ ನೀರಿನ ಮೇಲಿದ್ದ ದೋಣಿಗಳ ಪಟ್ಟಿ ಮಾಡಬೇಕು, ಮಾಲೀಕರನ್ನು ಕರೆಸಬೇಕು. ಕನಿಷ್ಠ ಮೂರು ವಾರದ ಕೆಲಸ. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಫಾರಂ ಹೊರಬಂದಾಗ 'ಬೇರೊಂದು' ಎಂಬಲ್ಲಿ ಗೆರೆ ಎಳೆದು 'ಗುರುತು ಸಿಗದ' ಎಂದು ಹಸಿರು ಶಾಯಿಯಲ್ಲಿ ತಿದ್ದಿತ್ತು, ಕೆಳಗೆ ತಮ್ಮ ಸಹಿ, ಮೊಹರು, ಕಡತ ಮುಕ್ತಾಯ. ಏಳು ವರ್ಷಗಳಲ್ಲಿ ಇಷ್ಟು ಚುರುಕಾಗಿ ಕೆಲಸ ಮಾಡಿದ ತಮ್ಮ ಕಚೇರಿಯನ್ನು ನಾನು ಕಂಡಿರಲಿಲ್ಲ. ನನಗೆ ಆಗ ಸಮಾಧಾನವೇ ಆಯಿತು. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ವಿಮಾ ಕಂಪನಿಯ ಫಾರಂನಲ್ಲಿ ಒಂದು ಪುಟ ಗಾಯಗೊಂಡವರೇ ತುಂಬಬೇಕು. ಅದನ್ನು ಹಿಡಿದು ಅಕ್ಕನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಮೇಲೆ ಹೊದಿಕೆ ಹಾಕಿತ್ತು. ಕತ್ತರಿಸಬೇಕಾದ ಬಟ್ಟೆ ಮೇಜಿನ ಮೇಲೆ ಥಾನಿನ ಹಾಗೇ ಇತ್ತು. ಅಕ್ಕ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಒಂದು ಗೆರೆ ಎಳೆಯಲು ನೋಡುತ್ತಿದ್ದಳು. ಅದು ಇಲಿಯ ದಾರಿಯ ಹಾಗೆ ಹೋಗಿತ್ತು. ಗಿರಾಕಿಗಳು ಕೊಟ್ಟಿದ್ದ ಅರ್ಧಕ್ಕರ್ಧ ಬಟ್ಟೆ ಆಗಲೇ ಎದುರಿನ ಅಂಗಡಿಗೆ ಹೋಗಿತ್ತು.

"ಮಾಲೀಕನ ಅಲಕ್ಷ್ಯ ಏನಿತ್ತು ವಿವರಿಸಿ ಅಂತ ಇದೆಯಲ್ಲೋ" ಎಂದಳು.

"ಇದೆ."

"ಅಂದ್ರೆ ನಿನ್ನ ಮೇಲೆ ಚಾಡಿ ಹೇಳ್ಬೇಕು."

"ಚಾಡಿ ಅಲ್ಲಕ್ಕಾ, ನಡೆದದ್ದು ಬರಿ. ನೀನು ಕಂಡದ್ದು."

"ನಾನೇನು ಕಂಡೆ? ಕಟ್ಟೆ ಕಡೆ ಮುಖ ಮಾಡಿದ್ದೆ. ದೋಣಿ ಒಂದ್ಸಲ ಜಗ್ಗಿತು, ಬಿದ್ದೆ. ನೀನು ಅಲೆ ಅಂತ ಬರೆದಿದ್ದೀಯ. ನೀನು ಅಲೆ ಅಂದ್ಮೇಲೆ ಅಲೆನೇ. ಚಿಕ್ಕವನಾಗಿದ್ದಾಗ್ಲೂ ನೀನು ಸುಳ್ಳು ಹೇಳಿದವನಲ್ಲ, ಸಕ್ಕರೆ ಕದ್ದು ಬಂದು ನೀನೇ ಹೇಳ್ತಿದ್ದೆ." ಆಮೇಲೆ ಎಡಗೈಯಲ್ಲೇ, ನಾಲಿಗೆ ಕಚ್ಚಿಕೊಂಡು, ಆ ಪುಟದಲ್ಲಿ 'ಏನೂ ಇಲ್ಲ' ಎಂದು ಬರೆದಳು. "ತಮ್ಮನ ಮೇಲೆ ದೂರು ಬರೆದು ರಿಪೇರಿ ಮಾಡಿಸ್ಕೊಂಡ ಕೈಯಲ್ಲಿ ನಾನು ಏನು ಹೊಲೀಲಿ, ಹೇಳು?"

ಫಾರಂ ಮಡಿಚಿ ಜೇಬಿಗಿಟ್ಟುಕೊಂಡು ಬಂದೆ. ಕಂಪನಿಯವರಿಗೆ ಇದಕ್ಕಿಂತ ಅನುಕೂಲವಾದ ಕಾಗದ ಯಾರೂ ಬರೆದುಕೊಟ್ಟಿರಲಾರರು.

ಡಿಸೆಂಬರ್ ಮೊದಲ ವಾರ ಹಲ್ಲಿನ ಡಾಕ್ಟರು ನನ್ನ ಅಂಗಡಿಗೆ ಬಂದರು. ಅಂಟು ಒಣಗಲು ಒತ್ತುಯಂತ್ರದಲ್ಲಿಟ್ಟಿದ್ದ ಪುಸ್ತಕಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

"ಅಲೆ ಅಂತ ಬರೆದಿದ್ದೀರಂತೆ."

"ಹೌದು."

"ಆ ಹೊತ್ತಿಗೆ ನೀರಲ್ಲಿದ್ದದ್ದು ನನ್ನ ದೋಣಿ ಒಂದೇ. ನಿಧಾನಕ್ಕೇ ಹೋಗ್ತಿದ್ದೆ ಅಂದ್ಕೊಂಡಿದ್ದೆ. ನನ್ನ ಮುಖ ಆ ಕಡೆಗಿತ್ತು, ನಿಮ್ಮ ಕಟ್ಟೆ ಕಾಣ್ತಿರಲಿಲ್ಲ. ನೀವು ನೋಡಿದೋರು. ನೀವು ಹೇಳಿ, ನನ್ನಿಂದಾನೇ ಆಯ್ತಾ?"

ಮಾನ್ಯರೇ, ಒಂದೇ ಒಂದು ಮಾತು ಸಾಕಿತ್ತು. ನಾನು ಒತ್ತುಯಂತ್ರದ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿ, "ನೀರಿನ ವಿಷಯ ಯಾರಿಗೆ ಗೊತ್ತಾಗುತ್ತೆ ಡಾಕ್ಟ್ರೇ" ಎಂದೆ.

ಅವರು ತಲೆಯಾಡಿಸಿದರು. ಎಲ್ಲಾ ಖರ್ಚು ತಾನೇ ನೋಡಿಕೊಳ್ಳುತ್ತೇನೆಂದು ಅಕ್ಕನ ಬಳಿ ಹೋದರು. ಅಕ್ಕ ಕೇಳಲಿಲ್ಲ. "ಕಾರಲ್ಲಿ ಕರ್ಕೊಂಡು ಹೋದ್ರಲ್ಲ, ಸಾಕು. ಗುರುತೇ ಸಿಗದ ದೋಣಿಗೆ ನೀವ್ಯಾಕೆ ಹೊಣೆ ಆಗ್ತೀರಿ" ಎಂದು ಕಳಿಸಿದಳು. ಅದರ ಮುಂದಿನ ಭಾನುವಾರ ಹಳದಿ ದೋಣಿಯ ಮೇಲ್ಕಟ್ಟು ಮಡಿಚಿತ್ತು. ಅದರ ಮುಂದಿನ ಭಾನುವಾರವೂ. ಡಾಕ್ಟರು ಈಗ ಯಾರನ್ನೂ ಕೂರಿಸಿಕೊಳ್ಳುವುದಿಲ್ಲವಂತೆ, ಅವರಿಗೆ ಧೈರ್ಯವಿಲ್ಲವಂತೆ. ಆ ಎರಡು ಭಾನುವಾರ ನಾನು ನನ್ನ ಕಟ್ಟೆಯಲ್ಲಿ ಕೂತು ಖಾಲಿ ನೀರನ್ನು ನೋಡಿದೆ. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾದರೂ ಬರೆಯುತ್ತಿದ್ದೇನೆ. ಮೂರನೆಯ ಭಾನುವಾರ ಗೊತ್ತಾದದ್ದು, ಅಲ್ಲಿಗೆ ಹೋಗುವುದನ್ನು ಬಿಟ್ಟವರು ಯಾರೂ ನನ್ನ ಕಡೆಗೆ ಬರಲಿಲ್ಲ ಎಂದು. ಅವರು ಮನೆಯಲ್ಲೇ ಉಳಿದರು.

ಈಗ ಆ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಬರುತ್ತೇನೆ. ಹತ್ತುವ ಮೊದಲು 'ನೀರು' ಎಂಬ ಕಡೆ ನಾನು 'ನಿಶ್ಚಲ' ಎಂದು ಬರೆದಿದ್ದೆ. ಮರಳಿ ಬರುವಾಗಲೂ ಹಾಗೇ ಇತ್ತು, ಎಲೆ ಬಿದ್ದರೆ ಬಿದ್ದ ಕಡೆಯೇ ನಿಲ್ಲುವ ಹಾಗೆ. ನನ್ನ ಕ್ರಮ ಯಾವಾಗಲೂ ಒಂದೇ: ಮುಂದಿನ ಹಗ್ಗ ಕಟ್ಟು, ಎಂಜಿನ್ ಆರಿಸು, ಆಮೇಲೆ ಅತಿಥಿ ಇಳಿಯಲಿ. ಹಗ್ಗ ಕಟ್ಟಿದೆ. ಹಿಂದೆ ಬಂದು, ತಿರುಗಿಸಿದರೆ ವೇಗ ಏರುವ ಎಂಜಿನ್ನಿನ ಹಿಡಿಯ ಮೇಲೆ ಕೈಯಿಟ್ಟೆ. ಹಳದಿ ದೋಣಿ ದೂರದಲ್ಲಿ ಮೆಲ್ಲಗೆ ಹೋಗುತ್ತಿತ್ತು, ಹಾಡು ಕೇಳುತ್ತಿತ್ತು. ಅಕ್ಕ ಒಂದು ಕಾಲು ಕಟ್ಟೆಯ ಮೇಲಿಟ್ಟು ಹೇಳಿದಳು:

"ಎಷ್ಟು ಚೆನ್ನಾಗಿ ಹಾಡ್ತಿದ್ದಾರೆ ನೋಡೋ. ಮುಂದಿನ ವಾರ ನನ್ನನ್ನೂ ಕರೆದಿದ್ದಾರೆ ಕಣೋ ಡಾಕ್ಟ್ರು. ಹೋಗಿ ಬರ್ಲಾ?"

ಆರು ಪುಟದ ಅತಿಥಿ. ಏಳು ವರ್ಷ ಬಿಡದೆ ನನ್ನ ಪುಸ್ತಕಕ್ಕೆ ಸಹಿ ಹಾಕಿದವಳು ಅಕ್ಕ ಒಬ್ಬಳೇ. ನಾನು ಎಂಜಿನ್ ಆರಿಸಲಿಲ್ಲ. ಆ ದೋಣಿಯ ಕಡೆ ತಿರುಗಿ ನೋಡಿದೆ. ಮೈ ತಿರುಗಿದಾಗ ಕೈ ತಿರುಗಿತು, ಕೈ ತಿರುಗಿದಾಗ ಹಿಡಿ ತಿರುಗಿತು, ದೋಣಿ ಒಂದು ಮೊಳ ಮುಂದಕ್ಕೆ ಹಾರಿತು. ಅಕ್ಕನ ಬಲಗೈ ಕಟ್ಟೆಯ ಹಲಗೆಗೂ ಗೂಟಕ್ಕೂ ನಡುವೆ ಹೋಯಿತು. ಅಲೆ ಇರಲಿಲ್ಲ. ಇದ್ದ ಒಂದೇ ಅಲೆ ನನ್ನ ಎಂಜಿನ್ ಎಬ್ಬಿಸಿದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೀರು ಡೊಂಕು ಎಂದು ಬರೆದುಕೊಟ್ಟೆ, ತಾವು ಹಸಿರು ಶಾಯಿಯಲ್ಲಿ ಹೌದೆಂದಿರಿ.

ಬರೆದದ್ದು ಹೆದರಿಕೆಯಿಂದಲೇ ಎಂದು ಹೇಳಿಕೊಳ್ಳಲು ಇಷ್ಟವಿದೆ. ಅತಿಥಿಗಳನ್ನು ಕೂರಿಸುವ ಅನುಮತಿ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಆದರೆ ಅದು ಅರ್ಧ. ಇನ್ನರ್ಧ, ಪೆನ್ನು ಆ ಜಾಗಕ್ಕೆ ಬಂದಾಗ ಅಲೆ ಎಂಬ ಪದ ತಾನಾಗಿಯೇ ಬಂತು, ಅದರ ಹಿಂದೆ ಹಳದಿ ದೋಣಿ ಬಂತು, ನನಗೆ ಅದು ಹಿತವಾಗಿತ್ತು. ಬಣ್ಣ ಹೇಳದೆ ಉಳಿದದ್ದು ಒಳ್ಳೆಯತನದಿಂದಲ್ಲ. ವಿಚಾರಣೆ ನಡೆದು ತಾನಾಗಿಯೇ ಬಯಲಾಗಲಿ, ಹೇಳಿದವನು ನಾನಾಗುವುದು ಬೇಡ ಎಂಬ ಲೆಕ್ಕಾಚಾರದಿಂದ.

ವಿಚಾರಣೆ ಏಕೆ ನಡೆಯಲಿಲ್ಲ ಎಂಬುದಕ್ಕೆ ನಾನು ತಿರುಗಿ ನೋಡಿದಾಗ ಕಂಡದ್ದೇ ಉತ್ತರ. ಗುರುತು ಸಿಗದ ಆ ದೋಣಿಯಲ್ಲಿ ಎಂಟು ಜನರಿದ್ದರು. ಡಾಕ್ಟರು ಚುಕ್ಕಾಣಿಯಲ್ಲಿ, ಆರು ಜನ ಹಾಡುತ್ತಾ ಅವರ ಕಡೆಗೆ ಮುಖ ಮಾಡಿಕೊಂಡು. ಎಂಟನೆಯವರು ಹಿಂದಿನ ಬೆಂಚಿನಲ್ಲಿ, ಒಂದು ಲೈಫ್ ಜಾಕೆಟನ್ನು ಬೆನ್ನಿಗೆ ಒತ್ತುಕೊಟ್ಟುಕೊಂಡು, ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ ಹಿಡಿದು, ನೇರ ನನ್ನ ಕಟ್ಟೆಯ ಕಡೆ ನೋಡುತ್ತಿದ್ದರು. ನನ್ನ ದೋಣಿ ಹಾರಿದ್ದನ್ನೂ ಅಕ್ಕ ಬಿದ್ದದ್ದನ್ನೂ ಕಂಡವರು ಅವರೊಬ್ಬರೇ. ದೋಣಿ ದಡ ಸೇರಿದಾಗ ಡಾಕ್ಟರು ಇತ್ತ ಓಡಿ ಬಂದರು, ಎಂಟನೆಯವರು ಅತ್ತ ಮರಗಳ ಹಿಂದಿನ ದಾರಿಯಲ್ಲಿ ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ತಾವು ಈ ಹೊತ್ತು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ನಮ್ಮಿಬ್ಬರ ಕಣ್ಣು ಆಗಲೇ ಸೇರಿತ್ತು.

ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ವಿಮೆಯಿಲ್ಲದೆ ಅತಿಥಿಗಳನ್ನು ಕೂರಿಸುವುದು ಅಪರಾಧ ಎಂದು ಫಲಕ ಹಾಕಿಸಿದವರು ವಿಮೆಯಿಲ್ಲದ ದೋಣಿಯಲ್ಲಿ ಅತಿಥಿಯಾಗಿದ್ದರು ಎಂದು ಯಾವ ಕಾಗದದಲ್ಲಿ ಬರೆಯುವುದು? ನಾನು ಅಲೆ ಎಂದು ಬರೆದಾಗ, ಅದು ಸುಳ್ಳೆಂದು ತಿಳಿದಿದ್ದ ಒಬ್ಬರೇ ಅಧಿಕಾರಿಯ ಮೇಜಿಗೆ ಅದು ಹೋಯಿತು. ಅವರು ಸುಳ್ಳನ್ನು ತಡೆಯಲಿಲ್ಲ, ಅದಕ್ಕೆ ಕಾವಲು ಹಾಕಿದರು. ಆ ದಿನ ಕೌಂಟರಿನ ಮುಂದೆ ನನಗಾದ ಸಮಾಧಾನ ಅದರದೇ. ನನ್ನ ಸುಳ್ಳಿನಲ್ಲಿ ಒಂದು ಸಣ್ಣ ಕಿಂಡಿ ಇತ್ತು, 'ಬೇರೊಂದು' ಎಂಬ ಕಿಂಡಿ. ಯಾರಾದರೂ ಹುಡುಕಿದರೆ ಆ ದೋಣಿ ಸಿಗುತ್ತಿತ್ತು. 'ಗುರುತು ಸಿಗದ' ಎಂದು ತಾವು ಅದನ್ನೂ ಮುಚ್ಚಿದಿರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎನ್ನುತ್ತಾರೆ. ಇಲ್ಲಿ ಎರಡು ಬೆಕ್ಕುಗಳು ಒಂದರ ಕಣ್ಣನ್ನು ಇನ್ನೊಂದು ಮುಚ್ಚಿವೆ. ಇದರಲ್ಲೂ ತಮ್ಮ ಮೇಲೆ ನನಗೆ ಹೊಟ್ಟೆಕಿಚ್ಚೇ. ಆ ದೋಣಿಯಲ್ಲಿ ಕೂತು ಹಾಡು ಕೇಳಿದ ಮೇಲೂ, ಏಳು ವರ್ಷ ನಾನು ಕೂರಲಾರದೆ ಹೋದ ಆ ಬೆಂಚಿನಲ್ಲಿ ಕೂತ ಮೇಲೂ, ತಮಗೆ ಏನೂ ಆಗಲಿಲ್ಲವಲ್ಲ.

ಅಕ್ಕನಿಗೆ ಆಯಿತು. ನನ್ನ ಸುಳ್ಳು, ತಮ್ಮ ಮೌನ, ಅವಳು ಎಡಗೈಯಲ್ಲಿ ಬರೆದ ನಂಬಿಕೆ, ಇವು ಮೂರೂ ಸೇರಿ ಅವಳ ಬಲಗೈಯನ್ನು ಕಟ್ಟಿಹಾಕಿವೆ.

ನಾನು ಹೇಳಿಕೆ ಬದಲಿಸಿದರೆ ಸಾಕಲ್ಲವೇ ಎಂದು ತಮಗೆ ಅನ್ನಿಸಬಹುದು. ಕಂಪನಿಯವರನ್ನು ಕೇಳಿ ಬಂದಿದ್ದೇನೆ. "ಮೊದಲು ತಪ್ಪಿಲ್ಲ ಅಂತ ಬರೆದು, ವಿಮೆ ಸಿಗಲ್ಲ ಅಂತ ಗೊತ್ತಾದ್ಮೇಲೆ ತಪ್ಪಿದೆ ಅಂತ ಬರೆದ್ರೆ ನಾವು ಯಾವುದನ್ನ ನಂಬೋದು ಸಾರ್?" ಎಂದು ಅಲ್ಲಿನವರು ಮರ್ಯಾದೆಯಿಂದಲೇ ಕೇಳಿದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಕಚೇರಿಯ ವರದಿ ತಿದ್ದುಪಡಿಯಾಗಬೇಕು, ಕಣ್ಣಾರೆ ಕಂಡ ಸಾಕ್ಷಿ ಬೇಕು ಎಂದರು. ಮಾಲೀಕ ಸುಳ್ಳು ಹೇಳಿದ್ದರೆ ಅದರ ದಂಡ ಮಾಲೀಕನಿಗೆ, ಗಾಯಗೊಂಡ ಅತಿಥಿಗಲ್ಲ ಎಂದೂ ಅವರ ನಿಯಮದಲ್ಲೇ ಇದೆ. ಹದಿನಾಲ್ಕನೇ ಪುಟ, ಸಣ್ಣ ಅಕ್ಷರ. ಸಣ್ಣ ಅಕ್ಷರ ಓದುವುದರಲ್ಲಿ ನನಗೆ ಬೇಸರವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಸೋಮವಾರ ಹತ್ತೂವರೆಗೆ ತಾವು ಆ ಕಡತವನ್ನು ಮತ್ತೆ ತೆರೆಯಬೇಕು. ನನ್ನ ಹೊಸ ಹೇಳಿಕೆಯ ಕೆಳಗೆ, ಅಧಿಕಾರಿಯಾಗಿ ಅಲ್ಲ, ಸಾಕ್ಷಿಯಾಗಿ, ಎರಡು ವಾಕ್ಯ ಬರೆಯಬೇಕು: ನೀರು ನಿಶ್ಚಲವಾಗಿತ್ತು. ನಾನು ಅಲ್ಲಿದ್ದೆ. ಯಾವ ದೋಣಿಯಲ್ಲಿ ಎಂದು ಕೇಳಿದರೆ ಹೇಳಬೇಕಾಗುತ್ತದೆ. ಹೇಳಿದ ಮೇಲೆ ಉಳಿದ ಹದಿನೆಂಟು ದೋಣಿಗಳನ್ನೂ ಕಾಗದ ಕೇಳಬೇಕಾಗುತ್ತದೆ. ತಮಗೆ ಒಂದಷ್ಟು ಮುಜುಗರವಾಗುತ್ತದೆ. ನನ್ನ ಅನುಮತಿ ರದ್ದಾಗುತ್ತದೆ, ಸುಳ್ಳು ವರದಿಗೆ ಬೇರೆ ಶಿಕ್ಷೆಯೂ ಇರಬಹುದು. ಅದನ್ನು ವಿಧಿಸುವಾಗ ಹಸಿರು ಶಾಯಿಯನ್ನೇ ಬಳಸಿ, ನನ್ನ ಅಡ್ಡಿಯಿಲ್ಲ. ಒಂದು ಮಣಿಕಟ್ಟಿನ ಎದುರು ತಮ್ಮ ಮುಜುಗರ, ನನ್ನ ದೋಣಿ, ಡಾಕ್ಟರ ಭಾನುವಾರಗಳು ಎಷ್ಟು ತೂಗುತ್ತವೆ, ತಾವೇ ನೋಡಿ.

ಈ ಪತ್ರ ಶನಿವಾರದ ಪತ್ರಿಕೆಯಲ್ಲಿ ಬರುತ್ತದೆಂದು ಸಂಪಾದಕರು ತಿಳಿಸಿದ್ದಾರೆ. ಇಂದು ಗುರುವಾರ. ಇದನ್ನು ಬರೆದು ಮುಗಿಸುವವರೆಗೂ ಇದು ತಮ್ಮ ಮತ್ತು ನನ್ನ ನಡುವಿನ ವಿಷಯ ಎಂದುಕೊಂಡಿದ್ದೆ. ಹೆಂಡತಿ ಓದಿದಳು. ಹಾಳೆಗಳನ್ನು ಮಡಿಚಿ ಕೊಟ್ಟು, "ಅಕ್ಕ ಇದನ್ನ ಪೇಪರಲ್ಲಿ ನೋಡಿ ತಿಳ್ಕೋಬೇಕಾ?" ಎಂದಳು. ಅಷ್ಟೇ. ಅಕ್ಕ ಪತ್ರಿಕೆ ಬಿಡಿಸುವುದು ಮಧ್ಯಾಹ್ನದ ಊಟದ ಮೇಲೆ. ಡಾಕ್ಟರು ಬೆಳಿಗ್ಗೆಯೇ, ರೋಗಿಗಳು ಬರುವ ಮೊದಲು. ಶನಿವಾರ ಏಳು ಗಂಟೆಗೆ ಡಾಕ್ಟರ ಮನೆಗೆ, ಅಲ್ಲಿಂದ ಅಕ್ಕನ ಅಂಗಡಿಗೆ, ಅವಳು ಬಾಗಿಲು ತೆಗೆಯುವ ಮೊದಲು ಅಲ್ಲಿರುವ ಹಾಗೆ ಹೋಗಬೇಕೆಂದು ತೀರ್ಮಾನಿಸಿದ್ದೇನೆ. ಒಂದು ಹೊಸ ಫಾರಂ ತೆಗೆದುಕೊಂಡು ಹೋಗುತ್ತೇನೆ. ಮಾಲೀಕನ ಅಲಕ್ಷ್ಯ ಏನಿತ್ತು ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ನಾನು ಹೇಳಬೇಕು, ಅವಳು ಎಡಗೈಯಲ್ಲಿ ಬರೆಯಬೇಕು. ಬಾಯಿ ತೆರೆದಾಗ ಮೊದಲ ಮಾತು ಏನೆಂಬುದು ನನಗೆ ಇನ್ನೂ ಹೊಳೆದಿಲ್ಲ.

ಇಂತಿ,
ಹತ್ತೊಂಬತ್ತು ದೋಣಿಗಳಲ್ಲಿ ವಿಮೆಯಿದ್ದ ಒಂದೇ ದೋಣಿಯ,
ಸೋಮವಾರದವರೆಗಿನ ಮಾಲೀಕ